ಚೆಕ್ಕುಬಂದಿಯಲ್ಲಿ ಬರೆಯದ ಗೋಡೆ

ನಮ್ಮಪ್ಪ ತಿಪಟೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆಯುತ್ತಿದ್ದರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಭೋಗ್ಯದ ಪತ್ರ, ಯಾವುದಾದರೂ ಸರಿ. ಶಾಲೆ ಬಿಟ್ಟ ಮೇಲೆ ನಾನು ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಚೆಕ್ಕುಬಂದಿ ಓದಿ ಹೇಳುತ್ತಿದ್ದೆ: ಪೂರ್ವಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ಗಾಡಿಜಾಡು, ಉತ್ತರಕ್ಕೆ ತೆಂಗಿನ ತೋಟ, ದಕ್ಷಿಣಕ್ಕೆ ಇದೇ ನಂಬರಿನ ಉಳಿಕೆ ಭಾಗ. ಹಿಂದಿನ ಪತ್ರ ನೋಡದೆ ಹೊಸ ಪತ್ರಕ್ಕೆ ಅವರು ಕೈ ಹಾಕುತ್ತಿರಲಿಲ್ಲ. "ಮೂಲಪತ್ರ ತಂದ್ರಾ?" ಎನ್ನುವುದು ಅವರ ಬಾಯಲ್ಲಿ ನಮಸ್ಕಾರಕ್ಕಿಂತ ಮೊದಲು ಬರುತ್ತಿತ್ತು.

ಮದುವೆಯಾಗಿ 1989ರಲ್ಲಿ ಡೆಟ್ರಾಯ್ಟಿಗೆ ಬಂದವಳು ಕೊನೆಗೆ ಸೇರಿಕೊಂಡದ್ದೂ ಅದೇ ಕಸುಬಿಗೆ. ಇಲ್ಲಿ ಮನೆ ಕೈ ಬದಲಾಗುವ ಮುಂಚೆ ಅದರ ಹಕ್ಕಿನ ಸರಪಳಿಯನ್ನು ಹಿಂದಕ್ಕೆ ಹಿಂದಕ್ಕೆ ಪರೀಕ್ಷಿಸಿ, ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುವ ಟೈಟಲ್ ಇನ್ಶೂರೆನ್ಸ್ ಕಂಪನಿಗಳಿವೆ. ನಮ್ಮಲ್ಲಿ ಋಣಭಾರ ಪತ್ರ ತೆಗೆಸುತ್ತೇವಲ್ಲ, ಅದರ ದೊಡ್ಡಣ್ಣ ಅಂದುಕೊಳ್ಳಿ. ಅಂಥ ಒಂದು ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಹಳೆಯ ಪತ್ರಗಳನ್ನು ಓದಿದ್ದೇನೆ.

ಸೇರಿದ ಎರಡನೇ ತಿಂಗಳಲ್ಲೇ ಒಂದು ಬಡಾವಣೆಯ ನಿಬಂಧನೆಗಳು ಮೈಕ್ರೋಫಿಲ್ಮ್‌ನಲ್ಲಿ ಕಣ್ಣಿಗೆ ಬಿದ್ದವು. ಕೋಳಿ ಸಾಕಬಾರದು. ಬೇಲಿ ಇಷ್ಟು ಅಡಿ ಮೀರಬಾರದು. ಮುಂದಿನ ಸಾಲು: ಕಕೇಶಿಯನ್, ಅಂದರೆ ಬಿಳಿಯ, ಜನಾಂಗದವರಲ್ಲದ ಯಾರೂ ಈ ನಿವೇಶನವನ್ನು ಕೊಳ್ಳಕೂಡದು, ಬಾಡಿಗೆಗೆ ಹಿಡಿಯಕೂಡದು, ಇಲ್ಲಿ ವಾಸ ಮಾಡಕೂಡದು, ಮಾಲೀಕರ ಮನೆಯಾಳುಗಳಾದರೆ ಅಡ್ಡಿಯಿಲ್ಲ. ಕೋಳಿಯ ಷರತ್ತಿನ ಅಕ್ಷರ, ಕೋಳಿಯ ಷರತ್ತಿನ ದನಿ.

ಹನ್ನೆರಡನೇ ಮೈಲಿ ರಸ್ತೆಯ ಹತ್ತಿರ ನಾವು ಕೊಂಡಿದ್ದ ಮನೆಯ ಮೂಲಪತ್ರವನ್ನು ಮಾರನೆಯ ದಿನವೇ ತೆಗೆಸಿದೆ. 1941ರ ಬಡಾವಣೆ. ಅದರಲ್ಲೂ ಅದೇ ಸಾಲು. ನಾನು ಸಾರು ಕುದಿಸುವ ಅಡುಗೆಮನೆಯಲ್ಲಿ ನಾನು ನಿಲ್ಲಲು ಕಾಗದದ ಪ್ರಕಾರ ಇದ್ದದ್ದು ಒಂದೇ ದಾರಿ, ಮನೆಗೆಲಸದವಳಾಗಿ.

ಆ ಸಾಲಿಗೆ ಈಗ ಜೀವ ಇಲ್ಲ. ಇಂಥ ಷರತ್ತನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಶೆಲ್ಲಿ ಮೊಕದ್ದಮೆಯಲ್ಲಿ ಹೇಳಿತು. ಅದರ ಜೊತೆಯಲ್ಲೇ ತೀರ್ಮಾನವಾದ ಇನ್ನೊಂದು ಮೊಕದ್ದಮೆ ನಮ್ಮ ಡೆಟ್ರಾಯ್ಟಿನ ಮೆಗೀ ದಂಪತಿಯದು. ಅವರ ಪರ ವಾದಿಸಿದ ಥರ್ಗುಡ್ ಮಾರ್ಷಲ್ ಮುಂದೆ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಆದರೆ ಕೋರ್ಟು ಜಾರಿ ಮಾಡದಿದ್ದರೂ ಬಿಲ್ಡರು, ಬ್ಯಾಂಕು, ದಲ್ಲಾಳಿ ಸೇರಿ ಜಾರಿ ಮಾಡಬಹುದಿತ್ತು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡುವುದೇ ಕಾನೂನುಬಾಹಿರ ಎಂಬ ಕಾಯ್ದೆ ಬಂದದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಮೂವತ್ತು ವರ್ಷದಿಂದ ಒಂದು ಮಾತು ಕೇಳುತ್ತಾ ಬಂದಿದ್ದೇನೆ. "ನಾವು ಎಂಟು ಡಾಲರ್, ಎರಡು ಸೂಟ್‌ಕೇಸು ಹಿಡ್ಕೊಂಡು ಬಂದ್ವಿ. ಮನೆ ಮಾಡಿದ್ವಿ, ಮಕ್ಕಳನ್ನ ಓದಿಸಿದ್ವಿ. ಇವ್ರು ನೂರಾರು ವರ್ಷದಿಂದ ಇಲ್ಲೇ ಇದಾರಲ್ಲ, ಇವ್ರಿಗೇನಾಗಿದೆ ದಾಡಿ?" ಇವರು ಎಂದರೆ ಎಂಟನೇ ಮೈಲಿ ರಸ್ತೆಯ ಆಚೆಯವರು. ಡೆಟ್ರಾಯ್ಟಿನ ಅಡ್ಡರಸ್ತೆಗಳಿಗೆ ಮೈಲಿಯ ಲೆಕ್ಕದಲ್ಲಿ ಹೆಸರು. ಎಂಟನೆಯದು ನಗರದ ಉತ್ತರದ ಗಡಿ. ಅದರ ದಕ್ಷಿಣಕ್ಕೆ ನಗರ, ನಗರದ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಕಪ್ಪುಜನ. ಉತ್ತರಕ್ಕೆ ಉಪನಗರಗಳು, ಟ್ರಾಯ್, ರೋಚೆಸ್ಟರ್ ಹಿಲ್ಸ್, ಫಾರ್ಮಿಂಗ್ಟನ್ ಹಿಲ್ಸ್, ನೋವೈ, ನಮ್ಮವರು ಮನೆ ಮಾಡಿಕೊಂಡಿರುವ ಊರುಗಳು. ಊರು, ಕೇರಿ ಎಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಡುವೆ ಎಂಟು ಲೇನಿನ ರಸ್ತೆ ಇದೆ, ಅಷ್ಟೇ.

ಆ ಮಾತಿಗೆ ನನ್ನ ಉತ್ತರ ಅಪ್ಪನದೇ. ಮೂಲಪತ್ರ ತನ್ನಿ.

1930ರ ದಶಕಕ್ಕೆ ಮುಂಚೆ ಇಲ್ಲಿ ಮನೆಸಾಲ ಸಿಗುವುದು ಕಷ್ಟವಿತ್ತು. ಅರ್ಧ ಹಣ ಕೈಯಲ್ಲಿರಬೇಕು, ಉಳಿದದ್ದನ್ನು ಐದಾರು ವರ್ಷದಲ್ಲಿ ತೀರಿಸಬೇಕು. ಮಹಾ ಆರ್ಥಿಕ ಕುಸಿತದಲ್ಲಿ ಜನ ಮನೆ ಕಳೆದುಕೊಳ್ಳತೊಡಗಿದಾಗ ರೂಸ್‌ವೆಲ್ಟ್ ಸರ್ಕಾರ ಎರಡು ಸಂಸ್ಥೆ ಹುಟ್ಟುಹಾಕಿತು. 1933ರ ಗೃಹಸಾಲ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ ಬಡಾವಣೆಗಳಿಗೆ ದರ್ಜೆ ಕೊಟ್ಟಿತು. ಹಸಿರು ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಕಪ್ಪುಜನ ಇರುವ ಬೀದಿಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಕೆಂಪು. 1934ರ ಫೆಡರಲ್ ವಸತಿ ಆಡಳಿತ ಮನೆಸಾಲಕ್ಕೆ ಸರ್ಕಾರದ ಜಾಮೀನು ನಿಂತಿತು. ಬ್ಯಾಂಕಿಗೆ ಭಯವಿಲ್ಲ ಅಂದಮೇಲೆ ಮುಂಗಡ ಇಳಿಯಿತು, ಕಂತು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಹಿಗ್ಗಿತು. ಕಾರ್ಖಾನೆಯ ಕೂಲಿಯವನೂ ಬಾಡಿಗೆಯಷ್ಟೇ ಕಟ್ಟಿ ಮನೆಯೊಡೆಯನಾಗಬಹುದಾಯಿತು, ಬಿಳಿಯನಾಗಿದ್ದರೆ. ಕಪ್ಪುಜನ ಇರುವ ಅಥವಾ ಬರಬಹುದಾದ ಜಾಗಕ್ಕೆ ಜಾಮೀನಿಲ್ಲ ಎಂಬುದು ಆಡಳಿತದ ಕೈಪಿಡಿಯ ನಿಯಮವಾಗಿತ್ತು. ನಮ್ಮ ಮನೆಯ ಪತ್ರದಲ್ಲಿ ಕಕೇಶಿಯನ್ ಸಾಲು ಸೇರಿದ್ದು ಯಾವನೋ ಒಬ್ಬ ಬಿಲ್ಡರಿನ ಕೆಟ್ಟತನದಿಂದ ಮಾತ್ರ ಅಂತ ನಾನು ಮೊದಲು ತಿಳಿದಿದ್ದೆ. ಆದರೆ ಸಾಲದ ಜಾಮೀನು ಬೇಕಿದ್ದ ಬಿಲ್ಡರಿಗೆ ಆ ಸಾಲು ಬರೆದರೆ ಲಾಭವಿತ್ತು.

ಇದರ ಅತಿರೇಕ ನೋಡಬೇಕಾದರೆ ಎಂಟನೇ ಮೈಲಿ ರಸ್ತೆಯ ದಕ್ಷಿಣಕ್ಕೆ, ಬರ್‌ವುಡ್ ಮತ್ತು ಮೆಂಡೋಟ ಬೀದಿಗಳ ನಡುವೆ ಹೋಗಬೇಕು. 1920ರ ದಶಕದಿಂದ ಕಪ್ಪು ಕುಟುಂಬಗಳು ಅಲ್ಲಿ ಜಾಗ ಹಿಡಿದು, ಸಿಕ್ಕ ಮರಮುಟ್ಟಿನಿಂದ ತಾವೇ ಮನೆ ಕಟ್ಟಿಕೊಂಡು, ಹಿತ್ತಲಲ್ಲಿ ತರಕಾರಿ ಬೆಳೆಯುತ್ತಿದ್ದರು. 1941ರಲ್ಲಿ ಒಬ್ಬ ಬಿಲ್ಡರು ಪಕ್ಕದಲ್ಲೇ ಬಿಳಿಯರಿಗೆಂದು ಬಡಾವಣೆ ಮಾಡಹೊರಟ. ಕಪ್ಪುಜನ ಇಷ್ಟು ಹತ್ತಿರ ಇರುವಾಗ ಜಾಮೀನು ಕೊಡುವುದಿಲ್ಲ ಎಂದಿತು ವಸತಿ ಆಡಳಿತ. ಅವನು ನಡುವೆ ಅರ್ಧ ಮೈಲಿ ಉದ್ದ, ಆರಡಿ ಎತ್ತರ, ಒಂದಡಿ ದಪ್ಪದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಜಾಮೀನು ಮಂಜೂರಾಯಿತು.

ಆರಡಿ ಗೋಡೆ ಯಾರನ್ನು ತಡೆದೀತು? ಹುಡುಗರು ಅದರ ಮೇಲೆ ನಡೆದಾಡುತ್ತಿದ್ದರಂತೆ. ಅದು ತಡೆಯಬೇಕಾಗಿದ್ದದ್ದು ಜನರನ್ನಲ್ಲ ಅನ್ನಿಸುತ್ತದೆ ನನಗೆ. ಬ್ಯಾಂಕಿನ ಹಣ ಎಲ್ಲಿಯವರೆಗೆ ಹರಿಯಬೇಕು ಎನ್ನುವುದಕ್ಕೆ ಕಟ್ಟಿದ ಬದು ಅದು. ಆ ಬೀದಿಯ ಪತ್ರ ಓದಿದ್ದೇನೆ. ಚೆಕ್ಕುಬಂದಿಯಲ್ಲಿ ಗೋಡೆಯ ಸುದ್ದಿಯಿಲ್ಲ. ನಿವೇಶನದ ಸಂಖ್ಯೆ ಇದೆ, ಅಳತೆ ಇದೆ.

ನನಗೆ ಕೆಲಸ ಕಲಿಸಿದವರು ಒಬ್ಬ ಕಪ್ಪು ಹೆಂಗಸು, ನನಗಿಂತ ಹದಿನಾರು ವರ್ಷ ದೊಡ್ಡವರು. ಅವರ ತಂದೆ ಅಲಬಾಮದಿಂದ ಬಂದವರು, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೇನೆಯ ಲಾರಿ ಓಡಿಸಿದವರು. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಕಾಲೇಜು ಖರ್ಚು, ಮನೆಸಾಲ ಕೊಡುವ ಕಾನೂನು 1944ರಲ್ಲಿ ಆಗಿತ್ತು. ಅಮೆರಿಕದ ಮಧ್ಯಮ ವರ್ಗವನ್ನು ಕಟ್ಟಿದ ಕಾನೂನು ಅದು ಎನ್ನುತ್ತಾರೆ, ನಿಜವೇ. ಕಾನೂನಿನಲ್ಲಿ ಬಣ್ಣದ ಮಾತಿಲ್ಲ. ಆದರೆ ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. 1947ರಲ್ಲಿ ಮಿಸಿಸಿಪಿಯ ನಗರಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಸೈನಿಕರಿಗೆ ಕೊಟ್ಟ 3,229 ಸಾಲಗಳ ಪೈಕಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು 2. ಎರಡು ಸಾವಿರವಲ್ಲ, ಎರಡು ನೂರಲ್ಲ.

ಡೆಟ್ರಾಯ್ಟಿನಲ್ಲಿ ಆ ತಂದೆಗೂ ಬ್ಯಾಂಕು ಇಲ್ಲ ಎಂದಿತು. ಬ್ಯಾಂಕಿಲ್ಲದವರಿಗೆ ಉಳಿದ ದಾರಿ ‘ಲ್ಯಾಂಡ್ ಕಾಂಟ್ರಾಕ್ಟ್’. ಮಾರುವವನಿಗೇ ತಿಂಗಳು ತಿಂಗಳು ಕಂತು ಕಟ್ಟುವುದು, ಕೊನೆಯ ಕಂತು ಮುಗಿಯುವವರೆಗೂ ಪತ್ರ ಅವನ ಹೆಸರಿನಲ್ಲೇ. ಸ್ವಾಧೀನ ಉಂಟು, ಶುದ್ಧ ಕ್ರಯವಿಲ್ಲ. ನಮ್ಮಪ್ಪ ಇಂಥ ಕರಾರು ಬರೆಸಲು ಬಂದವರನ್ನು ಗದರಿ ಕಳಿಸುತ್ತಿದ್ದರು. ಒಂದೆರಡು ಕಂತು ತಪ್ಪಿದರೆ ಮಾರಿದವನು ಮನೆ ವಾಪಸು ಪಡೆಯಬಹುದು, ಕಟ್ಟಿದ ಹಣವೆಲ್ಲ ಬಾಡಿಗೆಯ ಲೆಕ್ಕಕ್ಕೆ. ಸಹೋದ್ಯೋಗಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆಗೆ ಲೇಆಫ್ ಆಯಿತು, ಮೂರು ಕಂತು ತಪ್ಪಿತು. ಎಂಟು ವರ್ಷ ಕಂತು ಕಟ್ಟಿದ ಮನೆ. ಪಿಯಾನೋವನ್ನು ಕಾಲುದಾರಿಯ ಮೇಲೆ ಇಳಿಸಿದ್ದು, ಮಳೆ ಬಂದದ್ದು, ಅಮ್ಮ ಅದರ ಮೇಲೆ ಟೇಬಲ್ ಕ್ಲಾತ್ ಹಾಸಿದ್ದು ಅವರಿಗೆ ನೆನಪಿದೆ. "ಟೇಬಲ್ ಕ್ಲಾತ್!" ಎಂದು ಹೇಳಿ ನಗುತ್ತಾರೆ.

ಅವರ ತಂದೆ ದುಡಿದದ್ದು ಫೋರ್ಡ್‌ನ ರೂಜ್ ಕಾರ್ಖಾನೆಯ ಫೌಂಡ್ರಿಯಲ್ಲಿ. ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದು ಎಲ್ಲರಿಗೂ ಗೊತ್ತು. ದಕ್ಷಿಣದ ಹತ್ತಿ ಹೊಲಗಳಿಂದ ಜನ ರೈಲು ಹತ್ತಿ ಬಂದರು. 1910ರಲ್ಲಿ ಡೆಟ್ರಾಯ್ಟಿನಲ್ಲಿದ್ದ ಕಪ್ಪುಜನ ಆರು ಸಾವಿರದೊಳಗೆ. 1930ಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ. ಉಳಿದ ಕಾರ್ಖಾನೆಗಳಿಗಿಂತ ಹೆಚ್ಚಾಗಿ ಫೋರ್ಡ್ ಅವರನ್ನು ಸೇರಿಸಿಕೊಂಡ, ಅದನ್ನು ಹೇಳಲೇಬೇಕು. ಆದರೆ ಹೆಚ್ಚಿನವರಿಗೆ ಸಿಕ್ಕಿದ್ದು ಕುದಿಯುವ ಕಬ್ಬಿಣದ ಮುಂದಿನ ಜಾಗ. ಅಲ್ಲಿಂದ ಮೇಲೆ ಹೋಗುವ ಏಣಿಗೆ ಮೆಟ್ಟಿಲು ಕಡಿಮೆ. ಅವರು ಕೆಲಸ ಕಲಿತು ನೆಲೆಯೂರುವ ಹೊತ್ತಿಗೆ ಕಾರ್ಖಾನೆಗಳೇ ನಗರ ಬಿಟ್ಟು ಹೊರಟವು. 1947 ಮತ್ತು 1963ರ ನಡುವೆ ಡೆಟ್ರಾಯ್ಟ್ ನಗರ ಕಳೆದುಕೊಂಡ ಕಾರ್ಖಾನೆ ಕೆಲಸಗಳು ಸುಮಾರು 1,34,000. ಎಷ್ಟೋ ಕೆಲಸ ಹೋದದ್ದು ಉಪನಗರಕ್ಕೆ. ಕೆಲಸದ ಹಿಂದೆ ಬಿಳಿಯ ಕೆಲಸಗಾರ ಹೋಗಿ ಸರ್ಕಾರದ ಜಾಮೀನಿನಲ್ಲಿ ಮನೆ ಕೊಂಡ. ಕಪ್ಪು ಕೆಲಸಗಾರನಿಗೆ ಅಲ್ಲಿ ಮನೆಯಿಲ್ಲ.

ಅದು ಹಳೆಯ ಕಾಲ ಎನ್ನಬೇಡಿ. 2015ರಲ್ಲಿ ಇಲ್ಲಿನ ಪತ್ರಿಕೆಯೊಂದು ಡೆಟ್ರಾಯ್ಟಿನ ಒಬ್ಬ ಕಾರ್ಮಿಕನ ಬಗ್ಗೆ ಬರೆಯಿತು. ಕಾರು ಕೆಟ್ಟು ಹತ್ತು ವರ್ಷವಾಗಿತ್ತು. ರೋಚೆಸ್ಟರ್ ಹಿಲ್ಸ್‌ನ ಕಾರ್ಖಾನೆಗೆ ಅವನು ದಿನಕ್ಕೆ ಹೋಗಿಬರಲು ನಡೆಯುತ್ತಿದ್ದದ್ದು 21 ಮೈಲಿ, ಹಿಮವಿರಲಿ ಮಳೆಯಿರಲಿ. ಪ್ರಾದೇಶಿಕ ಬಸ್ಸು ಬೇಡವೆಂದು ಹೊರಗುಳಿಯುವ ಹಕ್ಕು ಉಪನಗರಗಳಿಗೆ ಇತ್ತು, ಆ ಊರು ಹೊರಗುಳಿದಿತ್ತು. ಜನ ಕಣ್ಣೀರು ಹಾಕಿ ಅವನಿಗೆ ಹಣ ಕೂಡಿಸಿದರು, ಕಾರು ಬಂತು. ಬಸ್ಸು ಆಗ ಬರಲಿಲ್ಲ.

ಹಣ ಇದ್ದ ಕಪ್ಪುಜನರ ಕಥೆಯೂ ಇದೆ. ಆಸಿಯನ್ ಸ್ವೀಟ್ ಎಂಬ ವೈದ್ಯರು 1925ರಲ್ಲಿ ಡೆಟ್ರಾಯ್ಟಿನ ಗಾರ್ಲಂಡ್ ಬೀದಿಯಲ್ಲಿ ಬಿಳಿಯರ ನಡುವೆ ಮನೆ ಕೊಂಡರು. ಬೆಲೆ 18,500 ಡಾಲರ್, ಮನೆಯ ಯೋಗ್ಯತೆಗಿಂತ ಎಷ್ಟೋ ಹೆಚ್ಚು. ಬಿಳಿಯರ ಬೀದಿಯಲ್ಲಿ ಕಪ್ಪಾಗಿರುವುದಕ್ಕೆ ಕಟ್ಟುವ ಸುಂಕ ಅನ್ನಿ. ಎರಡನೇ ರಾತ್ರಿ ನೂರಾರು ಜನ ಸುತ್ತುಗಟ್ಟಿ ಕಲ್ಲು ತೂರಿದರು. ಒಳಗಿನಿಂದ ಗುಂಡು ಹಾರಿತು, ಹೊರಗೆ ಒಬ್ಬ ಸತ್ತ. ಸ್ವೀಟ್, ಅವರ ಹೆಂಡತಿ, ತಮ್ಮಂದಿರು, ಗೆಳೆಯರು, ಎಲ್ಲರ ಮೇಲೂ ಕೊಲೆಯ ಆರೋಪ. ವಕೀಲ ಕ್ಲಾರೆನ್ಸ್ ಡ್ಯಾರೋ ಅವರ ಪರ ವಾದಿಸಿದರು, ಬಿಳಿಯರೇ ತುಂಬಿದ್ದ ಜ್ಯೂರಿ 1926ರಲ್ಲಿ ತಮ್ಮನನ್ನು ನಿರ್ದೋಷಿ ಎಂದಿತು. ಗೆದ್ದರು. ಗೆಲುವಿನ ಆಚೆಗಿನದನ್ನು ಬಹಳ ಜನ ಹೇಳುವುದಿಲ್ಲ: ಹೆಂಡತಿ, ಮಗಳು ಕ್ಷಯದಿಂದ ತೀರಿಕೊಂಡರು, ಡಾಕ್ಟರು 1960ರಲ್ಲಿ ತಾವೇ ಜೀವ ತೆಗೆದುಕೊಂಡರು.

ಗಾರ್ಲಂಡ್ ಬೀದಿಯಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಸರೋವರದ ದಂಡೆಯ ಗ್ರೋಸ್ ಪಾಯಿಂಟ್ ಊರುಗಳು. ಅಲ್ಲಿಯ ದಲ್ಲಾಳಿಗಳು 1960ರವರೆಗೂ ಮನೆ ಕೊಳ್ಳಬಂದವರಿಗೆ ಅಂಕ ಹಾಕುತ್ತಿದ್ದರು. ಖಾಸಗಿ ಪತ್ತೇದಾರನನ್ನು ಕಳಿಸಿ ವಿಚಾರಿಸುವುದು: ಮೈಬಣ್ಣ ಎಷ್ಟು ಕಂದು? ಮಾತಿನಲ್ಲಿ ಪರದೇಶದ ಎಳೆತ ಇದೆಯೇ? ಬದುಕುವ ರೀತಿ ಅಮೆರಿಕನ್ನರದೇ? ಮಾಮೂಲಿ ಬಿಳಿಯರಿಗೆ 100ಕ್ಕೆ 50 ಬಂದರೆ ಪಾಸು. ಪೋಲೆಂಡಿನವರಿಗೆ 55, ಇಟಲಿ ಗ್ರೀಸಿನವರಿಗೆ 65, ಯಹೂದಿಗಳಿಗೆ 85. ಕಪ್ಪುಜನರಿಗೂ ಏಷ್ಯಾದವರಿಗೂ ಪರೀಕ್ಷೆಗೆ ಕೂರಲೇ ಅವಕಾಶವಿಲ್ಲ. ಈ ಅಂಕಪಟ್ಟಿಯ ವಿಷಯವನ್ನು ನಾನು ಕೂಟದ ಗೆಳತಿಯರಿಗೆ ಹೇಳಿದಾಗ ಎಲ್ಲರೂ ಮೊದಲು ನಕ್ಕರು, ಆಮೇಲೆ ಒಬ್ಬಳು ತನ್ನ ತೋಳು ನೋಡಿಕೊಂಡಳು. ನಾನು ಸುಮ್ಮನಿರದೆ, ಬೆಂಗಳೂರಲ್ಲಿ ಬಾಡಿಗೆಗೆ ಮನೆ ಕೇಳುವಾಗ ‘ನೀವು ವೆಜ್ಜಾ?’ ಅಂತ ಕೇಳುವುದೂ ಅಂಕ ಹಾಕುವುದೇ ತಾನೆ ಎಂದೆ. ಮಾತು ಬೇರೆ ಕಡೆಗೆ ಹೊರಳಿತು.

ಹಾಗಾದರೆ ನಾವು ಹೇಗೆ ಒಳಗೆ ಬಂದೆವು? ಅದರ ಮೂಲಪತ್ರವೂ ಇದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಅಮೆರಿಕದ ಸೇನೆಯಲ್ಲಿ ಇದ್ದವರು, ಪೌರತ್ವ ಕೇಳಿದಾಗ ಸುಪ್ರೀಂ ಕೋರ್ಟ್ ‘ಹಿಂದೂ’ಗಳು, ಅಂದರೆ ಭಾರತೀಯರು, ಬಿಳಿಯರಲ್ಲ, ಪೌರತ್ವವಿಲ್ಲ ಎಂದಿತ್ತು. ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾನೂನು. ಅದಕ್ಕೆ ಹೆಸರು ಕೊಟ್ಟ ಇಬ್ಬರಲ್ಲಿ ಒಬ್ಬರು ನಮ್ಮ ಮಿಶಿಗನ್ನಿನ ಸೆನೆಟರ್ ಫಿಲಿಪ್ ಹಾರ್ಟ್. ಕಪ್ಪುಜನರಿಗೆ ಮತದ ಹಕ್ಕು ಖಾತರಿ ಮಾಡಿದ ಕಾನೂನಿಗೆ ಆಗಸ್ಟ್‌ನಲ್ಲಿ ಸಹಿ ಬಿದ್ದಿತ್ತು, ಇದಕ್ಕೆ ಅಕ್ಟೋಬರ್‌ನಲ್ಲಿ. ಎರಡು ತಿಂಗಳ ಅಂತರ. ಅವರು ಬೀದಿಯಲ್ಲಿ ಲಾಠಿ ತಿಂದು, ಜೈಲಿಗೆ ಹೋಗಿ, ಹುಟ್ಟಿನಿಂದ ಮನುಷ್ಯರನ್ನು ಅಳೆಯುವುದು ನಾಚಿಕೆಗೇಡು ಎಂದು ಈ ದೇಶಕ್ಕೆ ಒಪ್ಪಿಸದೇ ಹೋಗಿದ್ದರೆ ಆ ಎರಡನೇ ಸಹಿ ಬೀಳುತ್ತಿತ್ತೇ? ನನಗಂತೂ ನಂಬಿಕೆಯಿಲ್ಲ. ನನ್ನ ಗಂಡ 1970ರ ದಶಕದಲ್ಲಿ ಬಂದಾಗ ಜೇಬಿನಲ್ಲಿ ಎಂಟೇ ಡಾಲರ್ ಇದ್ದದ್ದು ನಿಜ. ಅದಕ್ಕಿಂತ ಹೆಚ್ಚು ತರಲು ನಮ್ಮ ಸರ್ಕಾರವೇ ಬಿಡುತ್ತಿರಲಿಲ್ಲ. ಸೂಟ್‌ಕೇಸಿನಲ್ಲಿ ಸುರತ್ಕಲ್‌ನ ಇಂಜಿನಿಯರಿಂಗ್ ಪದವಿಯೂ ಇತ್ತು, ನಮ್ಮ ಜನರ ತೆರಿಗೆಯಲ್ಲಿ ಓದಿದ್ದು. ವೀಸಾದ ಕಾನೂನು ಓದಿದವರನ್ನು ಆರಿಸಿ ಒಳಗೆ ಬಿಟ್ಟಿತು. ಆರಿಸಿ ತಂದ ತೆಂಗಿನ ಸಸಿಯನ್ನು ಗೊಬ್ಬರದ ಗುಂಡಿಗೆ ನೆಟ್ಟು, ಪಕ್ಕದ ಮರಕ್ಕೆ ನೀರು ತಪ್ಪಿಸಿ, ಆ ಮರವೇಕೆ ಫಲ ಬಿಡಲಿಲ್ಲ ಎಂದು ಕೇಳುವ ತೋಟಗಾರನನ್ನು ತಿಪಟೂರಿನಲ್ಲಿ ಯಾರೂ ಮೆಚ್ಚುವುದಿಲ್ಲ.

ಬಡತನವೇ ಕಾರಣ, ಬಣ್ಣವಲ್ಲ ಎನ್ನುವವರೂ ಇದ್ದಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಇಬ್ಬರು ನಮ್ಮ ದೇಶದಲ್ಲೇ ಹುಟ್ಟಿದವರು. ಸೆಂಧಿಲ್ ಮುಲ್ಲೈನಾಥನ್ ತಮ್ಮ ಸಹೋದ್ಯೋಗಿಯ ಜೊತೆ ಬಾಸ್ಟನ್, ಷಿಕಾಗೋಗಳಲ್ಲಿ ಕೆಲಸದ ಜಾಹೀರಾತುಗಳಿಗೆ ಸುಮಾರು ಐದು ಸಾವಿರ ಕಾಲ್ಪನಿಕ ಅರ್ಜಿ ಹಾಕಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಹತೆ ಒಂದೇ ಮಟ್ಟದ್ದು, ಹೆಸರು ಬೇರೆ. ಎಮಿಲಿ, ಗ್ರೆಗ್ ಎಂಬ ಬಿಳಿಯರ ಹೆಸರಿಗೆ ಬಂದ ಕರೆ, ಲಕೀಷಾ, ಜಮಾಲ್ ಎಂಬ ಹೆಸರಿಗಿಂತ ಶೇಕಡ 50 ಹೆಚ್ಚು. ನಮ್ಮ ಶ್ರೀನಿವಾಸರು ‘ಶ್ರೀ’ ಆಗಿ, ಕೃಷ್ಣಮೂರ್ತಿಗಳು ‘ಕ್ರಿಸ್’ ಆಗಿದ್ದು ಸುಮ್ಮನೆ ಅಲ್ಲ. ರಾಜ್ ಚೆಟ್ಟಿ 2018ರಲ್ಲಿ ಜನಗಣತಿ ಇಲಾಖೆಯ ಅಂಕಿಅಂಶಗಳಲ್ಲಿ ಸುಮಾರು ಎರಡು ಕೋಟಿ ಮಕ್ಕಳ ಜಾಡು ಹಿಡಿದರು. ಅಪ್ಪ ಅಮ್ಮನ ಆದಾಯ ಒಂದೇ, ಬೆಳೆದ ಬಡಾವಣೆ ಒಂದೇ. ಆದರೂ ದೊಡ್ಡವರಾದಾಗ ಕಪ್ಪು ಹುಡುಗರ ಗಳಿಕೆ ಬಿಳಿ ಹುಡುಗರಿಗಿಂತ ಕಡಿಮೆ, ನೂರಕ್ಕೆ ತೊಂಬತ್ತೊಂಬತ್ತು ಬಡಾವಣೆಗಳಲ್ಲಿ.

ಗಳಿಕೆಯ ಮಾತು ಹಾಗಾಯಿತು. ಕೂಡಿಟ್ಟದ್ದರ ಲೆಕ್ಕ ಇನ್ನೂ ಗಟ್ಟಿ. ಅಮೆರಿಕದ ರಿಸರ್ವ್ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯ ಪ್ರಕಾರ ಸಾಲ ಕಳೆದು ಮಧ್ಯದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಮಧ್ಯದ ಕಪ್ಪು ಕುಟುಂಬದ್ದು 44,900. ಸಾಧಾರಣ ಜನರಿಗೆ ಆಸ್ತಿ ಎಂದರೆ ಮನೆಯೇ. ಮಗಳ ಕಾಲೇಜಿಗೆ ಮನೆಯ ಮೇಲೆ ಸಾಲ, ಅಂಗಡಿ ಇಡಲು ಮನೆಯ ಮೇಲೆ ಸಾಲ, ಸತ್ತ ಮೇಲೆ ಮಕ್ಕಳಿಗೆ ಮನೆ. 1950ರಲ್ಲಿ ಪತ್ರ ಸಿಕ್ಕಿದವನ ಮೊಮ್ಮಗ ಇಂದು ಮುಂಗಡಕ್ಕೆ ಅಜ್ಜನ ಮನೆ ಮಾರಿದ ಹಣ ತರುತ್ತಾನೆ. ಆ ಚೆಕ್ಕು ನನ್ನ ಮೇಜಿನ ಮೇಲೇ ಹಾದುಹೋಗುತ್ತದೆ.

ಪತ್ರ ಸಿಕ್ಕವರದೂ ಪೂರಾ ಬಗೆಹರಿಯಲಿಲ್ಲ. ಕಪ್ಪುಜನರ ಬಡಾವಣೆಯ ಮನೆಗಳಿಗೆ ಅಂಥದೇ ಬೇರೆ ಮನೆಗಳಿಗಿಂತ ಸರಾಸರಿ 48,000 ಡಾಲರ್ ಕಡಿಮೆ ಬೆಲೆ ಕಟ್ಟಲಾಗುತ್ತಿದೆ ಎಂದು ಬ್ರೂಕಿಂಗ್ಸ್ ಸಂಸ್ಥೆ 2018ರಲ್ಲಿ ಲೆಕ್ಕ ಕೊಟ್ಟಿತು. ಇನ್ನೊಂದು ಕಡೆ, ತೆರಿಗೆಗಾಗಿ ಮನೆಯ ಬೆಲೆಯನ್ನು ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಹಿಡಿಯಬಾರದು ಎಂಬುದು ಮಿಶಿಗನ್ ಸಂವಿಧಾನದ ನಿಯಮ. 2008ರ ಕುಸಿತದ ನಂತರ ಬೆಲೆ ಪಾತಾಳಕ್ಕೆ ಇಳಿದರೂ ಡೆಟ್ರಾಯ್ಟಿನಲ್ಲಿ ಹಳೆಯ ಮೌಲ್ಯದ ಮೇಲೆಯೇ ತೆರಿಗೆ ಎತ್ತಿದರು. 2010ರಿಂದ 2016ರವರೆಗೆ ಹೀಗೆ ಹೆಚ್ಚಾಗಿ ವಸೂಲಾದದ್ದು ಕನಿಷ್ಠ 60 ಕೋಟಿ ಡಾಲರ್ ಎಂದು ಸ್ಥಳೀಯ ಪತ್ರಿಕೆ ಡೆಟ್ರಾಯ್ಟ್ ನ್ಯೂಸ್ 2020ರಲ್ಲಿ ಬಯಲು ಮಾಡಿತು. ಕಟ್ಟಲಾಗದವರ ಮನೆ ಹರಾಜಾಯಿತು. ಬ್ಯಾಂಕಿನವನ ಕಣ್ಣಿಗೆ ಅಗ್ಗ, ತೆರಿಗೆಯವನ ಕಣ್ಣಿಗೆ ದುಬಾರಿ. ಆ ವರ್ಷಗಳಲ್ಲಿ ನಾನು ಓದಿದ ಹರಾಜು ಪತ್ರಗಳಲ್ಲಿ ಕೆಲವು ಐನೂರು ಡಾಲರಿಗೆ ಹೋದ ಮನೆಗಳು. ಅವುಗಳ ಸರಪಳಿ ಹಿಂದಕ್ಕೆ ಓದಿದರೆ ಎಷ್ಟೋ ಕಡೆ ಲ್ಯಾಂಡ್ ಕಾಂಟ್ರಾಕ್ಟ್ ತೀರಿಸಿ ಪತ್ರ ಬರೆಸಿಕೊಂಡ ಒಬ್ಬ ಅಜ್ಜ ಸಿಗುತ್ತಿದ್ದ.

ಹಳೆಯ ಕಕೇಶಿಯನ್ ಸಾಲನ್ನು ಪತ್ರದಿಂದ ಕಾನೂನುಬದ್ಧವಾಗಿ ತೆಗೆಸಲು ಮಿಶಿಗನ್ 2022ರಲ್ಲಿ ಅವಕಾಶ ಮಾಡಿತು. ನಮ್ಮ ಮನೆಗೆ ಬೇಕಾದ ಫಾರ್ಮು ತುಂಬಿ, ನಿವೃತ್ತರಾಗಿದ್ದ ಆ ಹಿರಿಯ ಸಹೋದ್ಯೋಗಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿ, ಅಕ್ಷರದ ತಪ್ಪೊಂದನ್ನು ತಿದ್ದಿ ವಾಪಸು ಕೊಟ್ಟರು. ಬೇರೇನೂ ಹೇಳಲಿಲ್ಲ.

ಮಿಶಿಗನ್ನಿನಲ್ಲಿ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ಪ್ರತಿ ಬೇಸಿಗೆಯಲ್ಲೂ ನನಗೆ ಸಿಗುತ್ತಾರೆ. ಅವರನ್ನು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುವುದು ರೂಢಿ. ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಂಗಸು ಬಿಳಿಯನಿಗೆ ಸೀಟು ಬಿಟ್ಟು ಏಳದೆ ಕೂತ ಬಸ್ಸು ಅಲ್ಲಿದೆ, ಒಳಗೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳಬಹುದು. ಅಲ್ಲಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಎಂಟನೇ ಮೈಲಿ ರಸ್ತೆಯ ಕೆಳಗಿನ ಗೋಡೆ. ಒಂದು ಭಾಗ ಈಗ ಮಕ್ಕಳ ಆಟದ ಮೈದಾನದ ಅಂಚು. 2006ರಲ್ಲಿ ಊರಿನವರೂ ಕಲಾವಿದರೂ ಸೇರಿ ಅದರ ಮೇಲೆ ಬಣ್ಣದ ಮನೆಗಳನ್ನು, ಸೋಪಿನ ಗುಳ್ಳೆ ಊದುವ ಮಕ್ಕಳನ್ನು, ಬಸ್ಸು ಹತ್ತುತ್ತಿರುವ ರೋಸಾ ಪಾರ್ಕ್ಸ್‌ರನ್ನು ಬರೆದಿದ್ದಾರೆ. ಗೋಡೆಯ ಎರಡೂ ಕಡೆ ಈಗ ಇರುವವರು ಕಪ್ಪುಜನರೇ. ನಿಮ್ಮ ಮಗನೋ ಸೊಸೆಯೋ ಆ ಕಡೆ ಬೇಡ, ಏರಿಯಾ ಸರಿಯಿಲ್ಲ ಎನ್ನಬಹುದು. ಹಗಲು ಹೊತ್ತು ಹೋಗಿ ಬನ್ನಿ, ಏನೂ ಆಗುವುದಿಲ್ಲ. ಟಿಕೆಟ್ ಇಲ್ಲ.